ಈ ವರ್ಷದ ಪಾಠ

ರೆಕಾರ್ಡಿಂಗ್ ಅಳಿಸಿಯಾಗಿತ್ತು. ಆದರೂ ಕೋಣೆಯೊಳಗಿಂದ ಹೆಂಡತಿಯ ಧ್ವನಿ ಬರುತ್ತಿತ್ತು. ಟೈಲರ್ ಕಾರಿಡಾರಿನಲ್ಲೇ ನಿಂತುಬಿಟ್ಟ.

ಅವಳು ತೀರಿಕೊಂಡು ವರ್ಷ ಕಳೆದಿತ್ತು. ಅದು ಕಣ್ಣು ಕಾಣದ ಮಕ್ಕಳ ಶಾಲೆ. ಶನಿವಾರ ಬಂತೆಂದರೆ ಅಪ್ಪ-ಅಮ್ಮಂದಿರು, ಮೇಷ್ಟ್ರುಗಳು, ದೊಡ್ಡ ತರಗತಿಯ ಮಕ್ಕಳು ಒಟ್ಟಿಗೆ ಕೂತು ಪುಟ್ಟ ಮಕ್ಕಳಿಗಾಗಿ ಪಾಠ ಓದಿ ರೆಕಾರ್ಡ್ ಮಾಡುವರು. ಹಿರಿಯರು ಕಣ್ಣಿನಿಂದ ಓದಿದರೆ ಮಕ್ಕಳು ಬೆರಳಿನಿಂದ. ಸಂಬಳವಿಲ್ಲ, ಸನ್ಮಾನವಿಲ್ಲ, ಒಂದು ಲೋಟ ಚಹಾ, ಅಷ್ಟೇ. ಎಲ್ಲರಿಗಿಂತ ಹೆಚ್ಚು ಓದಿದವಳು ಟೈಲರನ ಹೆಂಡತಿ. ಪುಟ್ಟ ಮಕ್ಕಳಿಗೆ ಅವಳ ಧ್ವನಿಯಿಲ್ಲದೆ ಪಾಠ ತಲೆಗೇ ಹತ್ತುತ್ತಿರಲಿಲ್ಲ.

ಅದೇ ಶಾಲೆಯ ಹತ್ತನೇ ತರಗತಿಯಲ್ಲಿದ್ದ ಅವರ ಒಬ್ಬಳೇ ಮಗಳು, ತಾಯಿ ಹೋದಂದಿನಿಂದ ಒಂದು ಮಾತೂ ಆಡಿರಲಿಲ್ಲ. ಗಂಟಲಲ್ಲಿ ಏನೂ ದೋಷವಿಲ್ಲ ಎಂದಿದ್ದರು ಡಾಕ್ಟರು. ಹೆಡ್‌ಫೋನ್ ಹಾಕಿಕೊಂಡು ತಾಯಿಯ ಪಾಠಗಳನ್ನೇ ಕೇಳುತ್ತಾ ಕೂರುವಳು. ಊಟಕ್ಕೆ ಕರೆದರೆ ತಲೆಯಾಡಿಸುವಳು. ಅವಳ ಬಾಯಿಂದ 'ಅಪ್ಪ' ಅನ್ನಿಸಿಕೊಳ್ಳಲು ಟೈಲರನ ಜೀವ ಹಂಬಲಿಸುತ್ತಿತ್ತು.

ಸತ್ತವಳು ದಿನಾ ಹೀಗೆ ಮಾತಾಡುತ್ತಿದ್ದರೆ ಬದುಕಿರುವವಳು ಬಾಯಿ ಬಿಡುವುದುಂಟೇ? ಅವನು ಹೆಡ್‌ಮಿಸ್ಸಿಗೆ ಗಂಟುಬಿದ್ದ. ಸಿಲಬಸ್ ಹೇಗೂ ಬದಲಾಗಿತ್ತು, ಪುಸ್ತಕವೂ ಹೊಸದು. ಎಲ್ಲವನ್ನೂ ತಾನೇ ಓದಿಕೊಡುತ್ತೇನೆ, ಹಳೆಯದನ್ನು ಅಳಿಸಿಬಿಡಿ ಎಂದ.

"ಆ ಪುಟ್ಟ ಮಕ್ಕಳಿಗೆ ನಾನೇನು ಹೇಳ್ಲಿ?" ಎಂದರು ಹೆಡ್‌ಮಿಸ್.

"ನನ್ನ ಮಗಳಿಗೆ ನಾನೇನು ಹೇಳ್ಲಿ? ಅದನ್ನ ಹೇಳಿ ಮಿಸ್."

ಶನಿವಾರ ಬಂದು ಓದಿ ಎಂದರು ಅವರು.

ಆ ಶನಿವಾರ ಬೆಳಿಗ್ಗೆಯಿಂದ ಅವನು ಓದಿದ್ದೇ ಓದಿದ್ದು. 'ಬೆಟ್ಟ ಹತ್ತಿದ ಆಮೆ' ಎಂಬ ಪಾಠದಲ್ಲಂತೂ ನಾಲಿಗೆ ಹೊರಳದೆ ಬೆವೆತುಹೋದ. ಅಂಗಿಯ ಅಳತೆ ಕೂಗಿದ ಹಾಗಿದೆ ಎಂದು ಲೆಕ್ಕದ ಮೇಷ್ಟ್ರು ಕಿಚಾಯಿಸಿದರು. ಮಧ್ಯಾಹ್ನ ಹೆಡ್‌ಮಿಸ್ ಹಳೆಯದನ್ನೆಲ್ಲ ಅಳಿಸಿ ಕಣ್ಣೊರೆಸಿಕೊಂಡರು. ಮಗಳು ಸದ್ದಿಲ್ಲದ ಹೆಡ್‌ಫೋನನ್ನು ಸ್ವಲ್ಪ ಹೊತ್ತು ಕಿವಿಗೆ ಒತ್ತಿಹಿಡಿದಿದ್ದು, ಕಳಚಿಟ್ಟು, ಗೋಡೆ ಸವರುತ್ತಾ ಎದ್ದುಹೋದಳು. ಇನ್ನು ಈ ಜನ್ಮದಲ್ಲಿ ತನ್ನನ್ನು ಕ್ಷಮಿಸಲಾರಳು ಎನ್ನಿಸಿತು ಅವನಿಗೆ.

ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಅವನ ಪಾಠ ಕೇಳಿದ ಪುಟ್ಟ ಮಕ್ಕಳು ಒಬ್ಬರ ಹಿಂದೆ ಒಬ್ಬರು ಅಳಲು ಶುರುಮಾಡಿದರು. ಕೇಳಲಾರದೆ ಹೊರಗೆ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡ.

ವಾಪಸು ಬಂದಾಗ ಅಳು ನಿಂತಿತ್ತು. ಆ ಧ್ವನಿ ಕೇಳುತ್ತಿತ್ತು.

ಅವಳದೇ. ಅದೇ ರಾಗ, ವಾಕ್ಯದ ನಡುವೆ ಅದೇ ಚಿಕ್ಕ ನಗು. ಮೊದಲು ಮೈ ಜುಮ್ಮೆಂದಿತು, ಹಿಂದೆಯೇ ಸಿಟ್ಟು ಬಂತು. ಎಲ್ಲೋ ಒಂದು ಪ್ರತಿ ಉಳಿಸಿಕೊಂಡು ತನಗೆ ಟೋಪಿ ಹಾಕಿದ್ದಾರೆ ಎಂದುಕೊಂಡು ಬಾಗಿಲಿಗೆ ಕೈ ಇಟ್ಟ.

ಆಗ ಮಾತುಗಳು ಕಿವಿಗೆ ಬಿದ್ದವು. ಆಮೆ ಬೆಟ್ಟ ಹತ್ತುತ್ತಿತ್ತು.

ಆ ಪುಸ್ತಕ ಅಚ್ಚಾಗಿದ್ದೇ ಅವಳು ಸತ್ತ ಮೇಲೆ. ಬಾಗಿಲು ತಳ್ಳಿದ.

ಪುಟ್ಟ ಮಕ್ಕಳ ನಡುವೆ ಕೂತು, ಬ್ರೈಲ್ ಚುಕ್ಕಿಗಳ ಮೇಲೆ ಬೆರಳಾಡಿಸುತ್ತಾ, ಅಮ್ಮನ ಧ್ವನಿಯಲ್ಲಿ ಓದುತ್ತಿದ್ದಳು ಮಗಳು.