ಹಸಿ ಗೋಣಿತಟ್ಟು

“ಏ ಗುಂಡವ್ವ, ಥಂಡಿ ಹತ್ಲಾಕತ್ತದ ನೋಡ. ಕೌದಿ ಹೊಚ್ಚು,” ಎಂದ ರೇವಪ್ಪ.

ಗುಂಡವ್ವ ಪಕಪಕ ನಕ್ಕಳು. ಏಪ್ರಿಲ್ ತಿಂಗಳು, ಹಗಲು ಹನ್ನೊಂದು ಗಂಟೆ. ಮಹಾರಾಷ್ಟ್ರದ ಸಂಭಾಜಿನಗರದ ಹೊರಗೆ ಇವರು ಕೂಲಿಗಿದ್ದ ಹೊಸ ಕಟ್ಟಡದ ಮೇಲೆ ಕಬ್ಬಿಣದ ಸರಳು ಮುಟ್ಟಿದರೆ ಬೊಬ್ಬೆ ಏಳುವಂಥ ಬಿಸಿಲು. ಗಂಡನ ಬಾಯಿಗೆ ಮೊದಲಿಂದಲೂ ಬೀಗವಿಲ್ಲ. ಹೋದ ವರ್ಷ ನಾಸಿಕದಲ್ಲಿ ಒಂದೇ ತಾಸಿನ ಮಳೆಗೆ ಇವರ ಶೆಡ್ಡು, ಹಿಟ್ಟಿನ ಡಬ್ಬಿ ಎಲ್ಲ ತೇಲಿಹೋದಾಗಲೂ, “ನೋಡ, ನಮ್ಮ ಮನಿ ನಮಗಿಂತ ಮೊದಲ ಊರಿಗಿ ಹೊಂಟದ,” ಎಂದಿದ್ದ ಪುಣ್ಯಾತ್ಮ.

“ಕೌದಿ ಯಾಕ, ಬೆಂಕಿನೂ ಹಚ್ತೀನಿ, ಕಾಸ್ಕೋರಿ,” ಎನ್ನುತ್ತ ಬಕೆಟ್ ಎತ್ತಿಕೊಂಡು ನಡೆದಳು. ಹೊಸ ಪಿಲ್ಲರುಗಳಿಗೆ ಗೋಣಿತಟ್ಟು ಸುತ್ತಿ ನೀರು ಹೊಡೆಯುವುದು ಅವಳ ಕೆಲಸ. ಕೂಲಿಯವರಿಂದ ಕೆಲಸ ಮಾಡಿಸುವ ಮುಕಾದಮ ಕಾಶೀನಾಥ ಇವರ ಕಲಬುರಗಿ ಕಡೆಯವನೇ, ದಿನಾ ಬೆಳಿಗ್ಗೆ ಅವನದು ಅದೇ ಮಂತ್ರ: “ಏಳು ದಿನ ಒಣಗಗೊಡಬ್ಯಾಡವ್ವ. ಒಣಗಿದ್ರ ಬಿರುಕು ಬಿಡತದ.” ಹದಿನೆಂಟು ವರ್ಷದ ಹಿಂದೆ ಅವಳು ಈ ಕೆಲಸ ಹಿಡಿದಾಗ ದಿನಕ್ಕೆ ಮೂರು ಸಲ ಹೊಡೆದರೆ ಸಾಕಿತ್ತು. ಈಗ ನಾಲ್ಕನೇ ಪಿಲ್ಲರಿಗೆ ಹೊಡೆಯುವಷ್ಟರಲ್ಲಿ ಮೊದಲನೆಯದರ ತಟ್ಟು ಹಪ್ಪಳವಾಗಿರುತ್ತದೆ.

ತಿರುಗಿ ಬಂದಾಗ ರೇವಪ್ಪ ಇಟ್ಟಿಗೆ ರಾಶಿಗೆ ಒರಗಿ ಕೂತಿದ್ದ. ಮುಖದ ಮೇಲೆ ಒಂದು ಹನಿ ಬೆವರಿಲ್ಲ. ಮಾತಾಡುತ್ತಿದ್ದ, ಆದರೆ ಅವಳ ಜೊತೆಗಲ್ಲ. “ನೀರ್ ಬಂತು... ಹಿಟ್ಟಿನ ಡಬ್ಬಿ ಎತ್ತು... ಎತ್ತು...”

ಹಣೆ ಮುಟ್ಟಿದವಳ ಕೈ ಚುರ್ರೆಂದಿತು. ಗುಂಡವ್ವ ಓಡಿಹೋಗಿ ಹತ್ತಿರದ ಪಿಲ್ಲರಿನ ತಟ್ಟು ಕಿತ್ತು ತಂದು ಗಂಡನಿಗೆ ಸುತ್ತಿದಳು. ಬಕೆಟ್‌ನಲ್ಲಿದ್ದಷ್ಟು ನೀರು ಸುರಿದಳು.

“ಏ ಏ, ಏನ್ ಮಾಡ್ತಿ? ಮೊನ್ನಿ ಕಾಂಕ್ರೀಟ್ ತುಂಬಿದ ಪಿಲ್ಲರ್ ಅದು!” ಎಂದು ಕೂಗುತ್ತ ಬಂದ ಕಾಶೀನಾಥ, ರೇವಪ್ಪನ ಕಣ್ಣು ನೋಡಿ ಜೇಬಿನಿಂದ ಫೋನ್ ತೆಗೆದ. ಆಸ್ಪತ್ರೆಗೆ ಒಯ್ಯಲು ಆಟೋದವನಿಗೆ ಹೇಳಿದ.

“ಅಣ್ಣಾ, ಥಂಡಿ ಅಂದಾಗ ನಗಚಾಟಿಕಿ ಮಾಡ್ಲಾಕತ್ತಾರಂತ ತಿಳ್ಕೊಂಡಿದ್ನಿರಿ... ನೀರ ತರ್ರಿ, ನೀರ!” ಎಂದಳು ಗುಂಡವ್ವ.

ಟ್ಯಾಂಕರ್ ಇನ್ನೂ ಬಂದಿರಲಿಲ್ಲ. ಡ್ರಮ್ಮಿನ ತಳ ಕಾಣುತ್ತಿತ್ತು. ಕಾಶೀನಾಥ ತಾನೇ ಉಳಿದ ಪಿಲ್ಲರುಗಳ ತಟ್ಟು ಬಿಚ್ಚಿ ತಂದ. ಎಲ್ಲವನ್ನೂ ಹೊದಿಸಿದರು. ಹೊದಿಸಿದ್ದೆಲ್ಲ ನೋಡುನೋಡುತ್ತ ಒಣಗಿತು.

ಆಟೋ ಬರಲು ಮುಕ್ಕಾಲು ತಾಸು ಹಿಡಿಯಿತು. ಅಷ್ಟರಲ್ಲಿ ರೇವಪ್ಪನ ಮಾತು ನಿಂತಿತ್ತು. ಕಾಶೀನಾಥ ಅವನ ಮೂಗಿನ ಹತ್ತಿರ ಕೈ ಹಿಡಿದ. ಬಹಳ ಹೊತ್ತು ಹಿಡಿದ. ಆಮೇಲೆ ತನ್ನ ತಲೆಗೆ ಸುತ್ತಿದ್ದ ಟವೆಲ್ ತೆಗೆದ.

“ಸಾಕವ್ವ ಗುಂಡವ್ವ. ಬಿಡು ಇನ್ನ.”

ಅವಳು ಡ್ರಮ್ಮಿನ ತಳ ಕೆರೆದು ಅರ್ಧ ಮಗ್ಗು ತಂದು, ಎದೆಯ ಮೇಲಿನ ತಟ್ಟಿಗೆ ಮೆಲ್ಲಗೆ ಹೊಯ್ದಳು.

“ಹ್ಯಾಂಗ ಬಿಡ್ಲಿ ಅಣ್ಣಾ? ಏಳು ದಿನ ಒಣಗಗೊಡಬ್ಯಾಡಂತ ನೀವ ಹೇಳೀರಲ್ರಿ.”