ಗೋಪುರಕ್ಕೆ ದೃಷ್ಟಿ

ಜನರ ನೋಟಕ್ಕೆ ಕಲ್ಲು ಸವೆಯತೊಡಗಿದ ಮೇಲೆ, ಪ್ರಾಗ್ ನಗರದ ಹಳೆಯ ಕಟ್ಟಡಗಳನ್ನು ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ವಿವರಣೆ ಕೇಳುತ್ತಲೇ ಸುತ್ತುತ್ತಿದ್ದರು, ಕಾವಲುಗಾರರಿಗೂ ಪಟ್ಟಿಯೇ. ವಸಂತದ ಹೂಗಳ ಘಮದ ನಡುವೆ, ಗಡಿಯಾರದ ಗೋಪುರದ ಕೆಳಗೆ, ಧಾರವಾಡದ ಬಾಳವ್ವ ತನ್ನ ಪಟ್ಟಿ ಬಿಚ್ಚಿ ಕಣ್ತುಂಬ ನೋಡಿದಳು. ಮೇಲಿಂದ ಕಲ್ಲಿನ ಪುಡಿ ಉದುರತೊಡಗಿತು.

ಸದ್ದು ಕೇಳಿದ ಕಾವಲುಗಾರ ತಡಕಾಡಿ ಅವಳ ತೋಳು ಹಿಡಿದ. ಅವನ ಮಾತನ್ನು ಕೊರಳಿನ ಯಂತ್ರ ಕನ್ನಡಕ್ಕೆ ತಿರುಗಿಸಿತು: "ಪಟ್ಟಿ ಕಟ್ಟಿಕೊಳ್ಳಿ, ಇಲ್ಲವೇ ಇಂದೇ ಊರು ಬಿಡಿ."

"ಬಿಡ್ತೀನಪ್ಪಾ, ನೋಡಿ ಬಿಡ್ತೀನಿ. ಕತಿ ಕೇಳಾಕ ಇಷ್ಟು ದೂರ ಬಂದಿಲ್ಲ ನಾ. ಕಣ್ಣು ತಾಗಿದ್ರ ತೆಗಿಯೂದೂ ಗೊತ್ತೈತಿ."

ಸೆರಗಿನ ಗಂಟು ಬಿಚ್ಚಿ, ಉಪ್ಪು, ಒಣಮೆಣಸಿನಕಾಯಿ ಹಿಡಿದು ಗೋಪುರಕ್ಕೆ ನಿವಾಳಿಸಿದಳು. ಪುಡಿ ಉದುರುವುದು ನಿಂತಿತು.

ಹುಟ್ಟೂರಿನ ಗೋಪುರವನ್ನು ಒಮ್ಮೆಯೂ ಕಾಣದ ಕಾವಲುಗಾರ ಮೆಲ್ಲನೆ ಕೇಳಿದ, "ಹೇಗಿದೆ?"

"ನೀನ ನೋಡೋ ತಮ್ಮಾ. ಉಪ್ಪು ಇನ್ನೂ ಐತಿ."