ಹೊಸ ಜೋಡಿಯ ಒಂದು ವಾರ

ಅವನು ಹಳೆಯ ಇಯರ್‌ಫೋನ್ ಕಿತ್ತು ಹೊಸ ಜೋಡಿಯನ್ನು ಕಿವಿಗೆ ತೂರಿಸಿಕೊಂಡ. ತಲೆ ವಾಲಿಸಿ ಸ್ವಲ್ಪ ಹೊತ್ತು ಕೂತ. ಹೊಸದನ್ನು ತೆಗೆದು ಮತ್ತೆ ಹಳೆಯದನ್ನೇ ತೂರಿಸಿಕೊಂಡ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ನೋಡುತ್ತಿದ್ದ ಹೆಂಡತಿಗೆ ಮೈ ಉರಿಯಿತು.

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು, ಎಂಟು ಗಂಟೆ ಗಂಟಲು ಹರಿದುಕೊಂಡು ಬಂದಿದ್ದಳು. ಎಷ್ಟು ಗಂಟೆಗೆ, ಯಾವ ಕಡೆ, ಹೋಯಿತೇ, ಬಂತೇ. ಲೋಕದ ಮಾತಿಗೆಲ್ಲ ಅವಳು ಕಿಟಕಿ. ಅವಳ ಮಾತಿಗೆ ಮನೆಯಲ್ಲಿ ಇದ್ದದ್ದು ಕಿವಿಗೆ ಬಿರಡೆ ಹಾಕಿಕೊಂಡ ಗಂಡ.

ಏನಿದು ಎಂಬಂತೆ ಅವನ ಪಕ್ಕದಲ್ಲಿದ್ದ ಹೊಸ ಜೋಡಿಯ ಡಬ್ಬಿಯತ್ತ ಕೈ ತೋರಿಸಿದಳು.

“ಹಳೇದಕ್ಕಿಂತ ಚೆನ್ನಾಗಿ ಕೇಳತ್ತಾ ಅಂತ ನೋಡ್ತಿದ್ದೀನಿ,” ಎಂದ. “ಒಂದು ವಾರ ಟೈಮಿದೆ. ಬೇಡ ಅನ್ನಿಸಿದ್ರೆ ವಾಪಸ್ ಕೊಡಬಹುದು.”

ಒಂದು ಸಾಲದೆಂದು ಇನ್ನೊಂದು. ಅವಳು ನಿಟ್ಟುಸಿರು ಬಿಟ್ಟು ಒಳಗೆ ಹೋದಳು.

ಅವನು ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಯಂತ್ರ ಓಡಿಸುವವನು. ಹಗಲೆಲ್ಲ ಆ ಗಡಗಡ ಕೇಳಿದ ಜೀವಕ್ಕೆ ಸಂಜೆ ಒಂದಿಷ್ಟು ಹಾಡು ಬೇಕಾಗಬಹುದು ಎಂದು ಮೊದಮೊದಲು ಅವಳೇ ಸಮಾಧಾನ ಮಾಡಿಕೊಂಡಿದ್ದಳು. ಆದರೆ ಎರಡು ವರ್ಷವಾದರೂ ಅದೇ ಪಾಡು. ಅವಳು ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಅವು ಅವನ ಕಿವಿ ಸೇರುತ್ತಿದ್ದವು. ತೆಗೆದಿಟ್ಟಾಗಲಾದರೂ ಮಾತಾಡುತ್ತಾನೆಯೇ ಎಂದರೆ ಅದೂ ಇಲ್ಲ. ಬೆಳಿಗ್ಗೆ ಮೂರು ಸಲ ಕೂಗಿದರೂ ಮುಖ ತಿರುಗಿಸುತ್ತಿರಲಿಲ್ಲ. ಜಗಳಕ್ಕಾದರೂ ಬರಲಿ ಎಂದು ಕಾದು ಕಾದು ಅವಳಿಗೆ ಜಗಳದ ಆಸೆಯೂ ಬತ್ತಿತ್ತು.

ಅಂದು ಅಡುಗೆಮನೆಯಿಂದಲೇ ಅವನ ಬೆನ್ನಿಗೆ ಹೇಳಿದಳು: “ಬಚ್ಚಲ ನಲ್ಲಿ ತೊಟ್ಟಿಕ್ಕೋಕೆ ಶುರುವಾಗಿ ಹದಿನೈದು ದಿನ ಆಯ್ತು. ನಿಮಗೇನು ಬಿಡಿ, ಸುಖವಾಗಿ ಕೂತಿದ್ದೀರಿ.”

ಬೆನ್ನು ಅಲುಗಲಿಲ್ಲ. ವಿಚಿತ್ರವೆಂದರೆ, ಅವಳಿಗೆ ಎದೆ ಕೊಂಚ ಹಗುರವಾಯಿತು. ಕೇಳಿಸದವನ ಮುಂದೆ ಏನು ಬೇಕಾದರೂ ಹೇಳಬಹುದಲ್ಲ!

ಮಂಗಳವಾರ ಮನೆಗೆ ಬಂದಾಗ ನಲ್ಲಿ ಸರಿಯಾಗಿತ್ತು. ಅಂತೂ ಕಣ್ಣಿಗೆ ಬಿತ್ತಲ್ಲ ಎಂದುಕೊಂಡಳು. ಅವತ್ತು ಬಟ್ಟೆ ಮಡಿಸುತ್ತ ಇನ್ನೊಂದು ಮಾತು ಹೊರಬಿತ್ತು. “ದಿನಾ ಊರಿಗೆಲ್ಲ ಉತ್ತರ ಹೇಳಿ ಬರ್ತೀನಿ. ನೀನು ಹೇಗಿದ್ದೀಯ ಅಂತ ನನ್ನ ಕೇಳೋರು ಒಬ್ಬರಿಲ್ಲ.”

ಬುಧವಾರ ಅವನು ತಡವಾಗಿ ಬಂದ. ಬಂದವನೇ ಬಾಗಿಲಲ್ಲಿ ನಿಂತು, “ಇವತ್ತು ಹೇಗಿತ್ತು? ಜನ ಜಾಸ್ತಿನಾ?” ಎಂದ. ಕಿವಿಯಲ್ಲಿ ಆ ಹೊಸ ಜೋಡಿ. ಕಿವಿ ಮುಚ್ಚಿಕೊಂಡು ಕ್ಷೇಮ ಸಮಾಚಾರ ಕೇಳುವವನಿಗೆ ಏನೆಂದು ಹೇಳುವುದು? ಸುಮ್ಮನೆ ತಲೆಯಾಡಿಸಿ ಕೋಣೆಗೆ ಹೋಗಿ ಮಲಗಿದಳು.

ಗುರುವಾರ ಅವನು ಪಾತ್ರೆ ತೊಳೆಯುತ್ತಿದ್ದ. ಅವಳು ಹಿಂದೆ ಗೋಡೆಗೊರಗಿ ನಿಂತು, ಮೆಲ್ಲಗೆ, ಕಿಟಕಿಯಾಚೆಯ ಅಪರಿಚಿತನಿಗೆ ಬಸ್ಸಿನ ಸಮಯ ಹೇಳುವಷ್ಟು ಸಲೀಸಾಗಿ ಹೇಳಿದಳು.

“ನಾನು ಹೋಗ್ತಿದ್ದೀನಿ ರೀ. ಅಕ್ಕನ ಮನೆ ಹತ್ತಿರ ಒಂದು ರೂಮ್ ನೋಡಿದ್ದೀನಿ. ಭಾನುವಾರ ಹೋಗ್ತೀನಿ. ನಿಮ್ಮ ಮೇಲೆ ಕೋಪ ಏನಿಲ್ಲ. ಸುಸ್ತಾಗಿದೆ, ಅಷ್ಟೆ. ಗೋಡೆ ಜೊತೆ ಮಾತಾಡಿ ಮಾತಾಡಿ ಸುಸ್ತಾಗಿದೆ.”

ಉಜ್ಜುತ್ತಿದ್ದ ಲೋಟ ಅವನ ಕೈಯಲ್ಲೇ ನಿಂತಿತು. ಹಾಡು ಬದಲಾಗಿರಬೇಕು. ಆಮೇಲೆ ತೊಳೆದ ಲೋಟವನ್ನೇ ಮತ್ತೊಮ್ಮೆ ತೊಳೆದು ಬೋರಲು ಹಾಕಿದ.

ಅದು ಅವಳ ತಾಲೀಮು. ನಿಜವಾದ ಮಾತನ್ನು ಶನಿವಾರ ಸಂಜೆ, ಆ ಬಿರಡೆಗಳನ್ನು ತೆಗೆಸಿ, ಎದುರು ಕೂರಿಸಿಕೊಂಡು ಹೇಳಬೇಕೆಂದಿದ್ದಳು.

ಶನಿವಾರ ಅವಳಿಗೆ ಅರ್ಧ ದಿನ. ಅವನಿನ್ನೂ ಯಂತ್ರದ ಬಳಿ. ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾಗ ಅವಳ ಫೋನು ರಿಂಗಾಯಿತು. ಎಳೆಯ ದನಿಯ ಹುಡುಗಿ.

“ನಮಸ್ತೆ ಮೇಡಂ, ಕಿವಿ ಆಸ್ಪತ್ರೆಯಿಂದ. ನಿಮ್ಮ ಯಜಮಾನರು ಫೋನ್ ಎತ್ತುತ್ತಿಲ್ಲ. ಅವರು ಸಿಗದಿದ್ರೆ ಅಂತ ನಿಮ್ಮ ನಂಬರ್ ಕೊಟ್ಟಿದ್ರು. ಆ ಹೊಸ ಜೋಡಿ ವಿಷಯ.”

“ಯಾವುದು, ಅವರು ಹಾಡು ಕೇಳೋದಾ?”

ಹುಡುಗಿ ನಕ್ಕಳು. “ಅದರಲ್ಲಿ ಹಾಡೆಲ್ಲಿ ಬರತ್ತೆ ಮೇಡಂ? ಅದು ಕಿವಿ ಕೇಳಿಸೋ ಮಿಷನ್. ಕೆಲಸದ ಜಾಗದಲ್ಲಿ ಗೊತ್ತಾಗಬಾರದು, ನೋಡೋಕೆ ಇಯರ್‌ಫೋನ್ ಥರಾನೇ ಇರೋದು ಕೊಡಿ ಅಂದ್ರು. ಪಾಪ, ಎರಡು ವರ್ಷದಿಂದ ಅಂಗಡಿಯ ಇಯರ್‌ಫೋನನ್ನೇ ಫೋನಿಗೆ ಹೊಂದಿಸಿ ಎದುರಿನವರ ಮಾತು ಜೋರು ಮಾಡ್ಕೊಂಡು ಹೇಗೋ ತಳ್ಳಿದ್ದಾರೆ. ಏನೂ ಹಾಕದಿದ್ರೆ ಪಕ್ಕದಲ್ಲಿ ನಿಂತು ಕೂಗಿದ್ರೂ ಕೇಳಲ್ಲ ಅಲ್ವಾ ಅವರಿಗೆ?”

ಅವಳು ಚೀಲವನ್ನು ಪಕ್ಕಕ್ಕೆ ಸರಿಸಿ ಮಂಚದ ಅಂಚಿನಲ್ಲಿ ಕೂತಳು.

“ಹಳೇದು, ಹೊಸದು ಎರಡನ್ನೂ ಹಾಕಿ ನೋಡಿ, ದಿನಾ ಏನು ಕೇಳಿಸ್ತು ಬರೆದು ಕಳಿಸಿ ಅಂದಿದ್ವಿ,” ಹುಡುಗಿ ಓದತೊಡಗಿದಳು. “ಸೋಮವಾರ, ‘ಹೆಂಡತಿಯ ಮಾತು ಹಳೆಯದರಲ್ಲಿ ಅರ್ಧ, ಹೊಸದರಲ್ಲಿ ಮುಕ್ಕಾಲು.’ ಬುಧವಾರ ಬಂದು ಇನ್ನಷ್ಟು ಸರಿಮಾಡಿಸಿಕೊಂಡು ಹೋದ್ರು. ಗುರುವಾರ, ‘ಪಾತ್ರೆ ತೊಳೆಯುವ ಸದ್ದಿನಲ್ಲೂ, ಬೆನ್ನ ಹಿಂದಿನಿಂದ ಮೆಲ್ಲಗೆ ಆಡಿದರೂ, ಒಂದೊಂದು ಮಾತೂ ಸ್ಪಷ್ಟ.’ ನಮಗೆಲ್ಲ ತುಂಬಾ ಖುಷಿಯಾಯ್ತು. ಆದ್ರೆ ಅದರ ಕೆಳಗೇ, ‘ಇನ್ನು ಬೇಕಾಗಿಲ್ಲ, ಭಾನುವಾರದ ನಂತರ ವಾಪಸ್ ತಗೊಳ್ಳಿ’ ಅಂತ ಬರೆದಿದ್ದಾರೆ.”

ಹುಡುಗಿಯ ದನಿಯಲ್ಲಿ ನಿಜವಾದ ಅಚ್ಚರಿಯಿತ್ತು.

“ಅಷ್ಟು ಚೆನ್ನಾಗಿ ಕೇಳಿಸಿದ ಮೇಲೆ ವಾಪಸ್ ಯಾಕೆ ಮೇಡಂ?”